ಹೂಟರಿನ ಬಾಯಲ್ಲಿ ಬೈರಾಸು: ಗೇರುಬೀಜದ ಬೋರ್ಮಾದ ಒಂದು ರಾತ್ರಿ

ಜೂನ್ ತಿಂಗಳ ಒಂದು ಬೆಳಿಗ್ಗೆ ಆರೂವರೆಗೆ ಫೋನ್ ಬಂತು. ಕಾರ್ಕಳ ಕಡೆಯ ಒಂದು ಗೇರುಬೀಜದ ಫ್ಯಾಕ್ಟರಿಯ ರೈಟರ್. "ಸರ್, ಬೋರ್ಮಾದಲ್ಲಿದ್ದದ್ದು ಎಲ್ಲ ಹೋಯ್ತು. ನೀವೊಮ್ಮೆ ಬನ್ನಿ ಮಾರಾಯ್ರೆ."

ಮಂಗಳೂರಿನಿಂದ ಮೂಡುಬಿದಿರೆ ದಾಟಿ, ಮಳೆಯಲ್ಲಿ ಅಲ್ಲಿಗೆ ಮುಟ್ಟುವಾಗ ಒಂಬತ್ತು ಗಂಟೆ. ಗೇಟಿನಲ್ಲೇ ವಾಸನೆ ಮೂಗಿಗೆ ಹೊಡೆಯಿತು. ಹುರಿದ ಗೋಡಂಬಿಯ ವಾಸನೆ. ಅಡುಗೆಮನೆಯಿಂದ ಬಂದರೆ ಅದು ಪಾಯಸ. ಬೋರ್ಮಾದಿಂದ ಬಂದರೆ ನಷ್ಟ. ಸಿಪ್ಪೆ ತೆಗೆಯುವ ಹೆಂಗಸರು ಕೆಲಸವಿಲ್ಲದೆ ಜಗಲಿಯಲ್ಲಿ ಸಾಲಾಗಿ ಕೂತಿದ್ದರು. ಯಾರೂ ಜಾಸ್ತಿ ಮಾತಾಡುತ್ತಿರಲಿಲ್ಲ.

ಬೋರ್ಮಾ ನೋಡದವರಿಗೆ ಎರಡು ಮಾತು. ಹಸಿ ಬೀಜವನ್ನು ಆವಿಯಲ್ಲಿ ಬೇಯಿಸಿ, ಒಡೆದು ತಿರುಳು ತೆಗೆದ ಮೇಲೂ ಅದರ ಮೇಲೆ ಒಂದು ಕಂದು ಸಿಪ್ಪೆ ಅಂಟಿಕೊಂಡಿರುತ್ತದೆ. ಅದು ಬಿಡಬೇಕಾದರೆ ತಿರುಳು ಒಣಗಬೇಕು. ಟ್ರೇಗಳಲ್ಲಿ ಹರಡಿ, ಬಿಸಿ ಗಾಳಿಯ ಕೋಣೆಯಲ್ಲಿ ಸುಮಾರು 70 ಡಿಗ್ರಿಯಲ್ಲಿ ಆರರಿಂದ ಎಂಟು ಗಂಟೆ ಇಡುತ್ತಾರೆ. ಆ ಕೋಣೆಯೇ ಬೋರ್ಮಾ. ತೇವ ಶೇಕಡಾ 3ರ ಆಸುಪಾಸಿಗೆ ಇಳಿದಾಗ ಸಿಪ್ಪೆ ಗರಿಗರಿಯಾಗಿ, ಬೆರಳಲ್ಲಿ ಉಜ್ಜಿದರೆ ಉದುರುತ್ತದೆ. ಉಷ್ಣತೆ ಕಡಿಮೆಯಾದರೆ ಸಿಪ್ಪೆ ಬಿಡುವುದಿಲ್ಲ. ಜಾಸ್ತಿಯಾದರೆ ತಿರುಳಿನ ಬಣ್ಣ ಕೆಡುತ್ತದೆ. ಒಂದು ಪೌಂಡಿಗೆ 300ರಿಂದ 320 ತೂಗುವ ಬಿಳಿ ಇಡೀ ಬೀಜಕ್ಕೆ ಡಬ್ಲ್ಯು-320 ಅಂತ ಹೆಸರು, ಅದಕ್ಕೆ ತಕ್ಕ ಬೆಲೆ. ಅದೇ ಬೀಜ ಸ್ವಲ್ಪ ಕೆಂಪಾದರೆ ಸ್ಕಾರ್ಚ್ಡ್ ಸಾಲಿಗೆ ಇಳಿಯುತ್ತದೆ. ಆ ದಿನದ ಸುಮಾರು ನಾಲ್ಕು ಕ್ವಿಂಟಾಲ್ ಆ ಸಾಲಿಗೂ ಸಲ್ಲುವ ಹಾಗಿರಲಿಲ್ಲ. ಬೆಳಿಗ್ಗೆ ರೈಟರ್ ಬಂದು ನೋಡಿದಾಗ, ಕೋಣೆಯ ಬಿಸಿ ಹಿಡಿತದಲ್ಲಿಡುವ ಕಂಟ್ರೋಲರ್ 97 ಡಿಗ್ರಿ ತೋರಿಸುತ್ತಿತ್ತಂತೆ.

ಪ್ಯಾನಲ್ ಹತ್ತಿರ ಹೋದೆ. ಅಲಾರಂ ಕೂಗುವ ಹೂಟರ್ ಗೋಡೆಯ ಮೇಲೆ ಇತ್ತು. ಅದರ ಬಾಯಿಯಲ್ಲಿ ಒಂದು ಬಟ್ಟೆ ತುರುಕಿತ್ತು. ಎಳೆದು ನೋಡಿದರೆ ಹಳೆ ಬೈರಾಸಿನ ತುಂಡು, ಕೆಂಪು ಗೆರೆಯದ್ದು, ಗೇರೆಣ್ಣೆಯ ಕಪ್ಪು ಕಲೆ. ತುಂಬ ದಿನದಿಂದ ಅಲ್ಲಿತ್ತು ಅಂತ ಗೊತ್ತಾಗುತ್ತಿತ್ತು. ಮಡಿಕೆಯೊಳಗೆ ಜೇಡ ಗೂಡು ಕಟ್ಟಿತ್ತು.

ರಾತ್ರಿ ಪಾಳಿಯ ಅಣ್ಣನನ್ನು ಕರೆಸಿದರು. ಐವತ್ತು ದಾಟಿದವರು. ಹೆದರಿದ್ದರು. "ಅದು ದಿನಾ ಬೊಬ್ಬೆ ಹೊಡೆಯುವುದೇ ಸರ್. ಶುರು ಮಾಡುವಾಗ ಒಮ್ಮೆ. ಟ್ರೇ ಮೇಲೆ ಕೆಳಗೆ ಮಾಡುವಾಗ ಪುನಃ. ಎಷ್ಟು ಅಂತ ಕೇಳುವುದು? ನಿನ್ನೆಯೂ ಮೆಲ್ಲಗೆ ಕೇಳ್ತಾ ಇತ್ತು. ಯಾವಾಗಿನ ಹಾಗೆ ಅಂತ ಬಿಟ್ಟೆ."

ಲಾಗ್ ಪುಸ್ತಕ ತೆಗೆದೆವು. ಗಂಟೆಗೊಮ್ಮೆ ಟೆಂಪರೇಚರ್ ಬರೆಯಬೇಕು. ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಎಂಟು ಸಾಲು. 70, 70, 70, ಕೊನೆಯವರೆಗೆ 70. ಒಂದೇ ಪೆನ್ನು, ಒಂದೇ ಓಟದ ಕೈಬರಹ. ಧಣಿಗಳು ಆ ಪುಟ ನೋಡಿ ಅಣ್ಣನ ಮುಖ ನೋಡಿದರು. ಅಲ್ಲಿಗೆ ತಪ್ಪಿತಸ್ಥ ಸಿಕ್ಕಿದ ಅಂತ ಎಲ್ಲರ ಲೆಕ್ಕ.

ಆದರೆ ಆ ಪ್ಯಾನಲ್ ಹಾಕಿಕೊಟ್ಟವನು ನಾನು. ವರ್ಷದ ಹಿಂದೆ.

ಏನಾಗಿತ್ತು

ಹೀಟರ್ 18 ಕಿಲೋವಾಟ್, ಫೇಸಿಗೆ 6ರಂತೆ ಮೂರು ಬ್ಯಾಂಕ್. ಒಂದು ಬ್ಲೋವರ್. ಪ್ಯಾನಲ್ ಬಾಗಿಲಿಗೆ 96 ಮಿಲಿಮೀಟರ್ ಚೌಕದ ಪಿಐಡಿ ಕಂಟ್ರೋಲರ್. ಕೋಣೆಯೊಳಗೆ ಮೂರು ವೈರಿನ ಪಿಟಿ-100 ಸೆನ್ಸರ್, ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ (ಓಮ್) ಏರುತ್ತದೆ. ಕಂಟ್ರೋಲರಿನ ರಿಲೇ, ಅಂದರೆ ಸಣ್ಣ ಸ್ವಿಚ್, ಕಾಂಟಾಕ್ಟರ್ ಅನ್ನುವ ಒಂದು ದೊಡ್ಡ ಸ್ವಿಚ್ಚನ್ನು ಎಳೆಯುತ್ತದೆ, ಕಾಂಟಾಕ್ಟರ್ ಹೀಟರಿಗೆ ಕರೆಂಟ್ ಕೊಡುತ್ತದೆ. ಇಷ್ಟೇ.

ಕಾಂಟಾಕ್ಟರ್ ಬಿಚ್ಚಿದೆ. ಮೂರು ಪೋಲಿನಲ್ಲಿ ಎರಡು ಅಂಟಿಕೊಂಡಿದ್ದವು. ಸ್ಕ್ರೂಡ್ರೈವರಿನಿಂದ ಮೀಟಿದಾಗ ಟಕ್ ಅಂತ ಬಿಟ್ಟವು. ಅಂದರೆ ಕಂಟ್ರೋಲರ್ ಪಾಪ ಔಟ್‌ಪುಟ್ ಸೊನ್ನೆ ಮಾಡಿಕೊಂಡು ಕೂತಿದೆ, ಇತ್ತ 12 ಕಿಲೋವಾಟ್ ಉರಿಯುತ್ತಲೇ ಇದೆ. ಅದರ ಮಾತು ಕೇಳುವವರು ಯಾರೂ ಇಲ್ಲ.

ಕಾಂಟಾಕ್ಟರ್ ಯಾಕೆ ಅಂಟಿತು? ಫ್ಯಾಕ್ಟರಿಯ ಎಲೆಕ್ಟ್ರಿಷಿಯನ್ ತನ್ನ ಕಪಾಟಿನಿಂದ ಹಳೆಯ ಮೂರು ಕಾಂಟಾಕ್ಟರ್ ತಂದು ಮೇಜಿನ ಮೇಲೆ ಇಟ್ಟ. "ಒಂದು ವರ್ಷಕ್ಕೆ ಮೂರು ಹೋಗಿದೆ ಸರ್. ಈಗಿನ ಮಾಲೇ ಸರಿ ಇಲ್ಲ." ಆ ಮೂರು ಮಾತ್ರ ಅಂಟದೆ ಸುಟ್ಟು ಹೋಗಿದ್ದವು. ಹೀಟರ್ ಬಿಸಿಯಾಗದೆ ನಿಂತಿತ್ತು, ಹಾಗಾಗಿ ಯಾರಿಗೂ ಗಾಬರಿಯಾಗಿರಲಿಲ್ಲ. ಮಾಲಿನ ತಪ್ಪಲ್ಲ ಅಂತ ನನಗೆ ಆಗಲೇ ಸಂಶಯ ಬಂತು. ಕಂಟ್ರೋಲರಿನ ಒಳ ಮೆನುಗೆ ಹೋಗಿ ಸೈಕಲ್ ಟೈಮ್ ನೋಡಿದೆ. 2 ಸೆಕೆಂಡ್.

ಇದರ ಅರ್ಥ ಇಷ್ಟು. ಕಂಟ್ರೋಲರಿಗೆ ಶೇಕಡಾ 40 ಬಿಸಿ ಬೇಕು ಅಂದರೆ ಅದು ಹೀಟರನ್ನು 40 ಪರ್ಸೆಂಟಿನಲ್ಲಿ ಉರಿಸುವುದಿಲ್ಲ. ಸೈಕಲ್ ಟೈಮಿನ ಶೇಕಡಾ 40 ಹೊತ್ತು ಆನ್, ಉಳಿದ ಹೊತ್ತು ಆಫ್. ಸೈಕಲ್ 2 ಸೆಕೆಂಡ್ ಆದರೆ ನಿಮಿಷಕ್ಕೆ 30 ಸಲ ಕಾಂಟಾಕ್ಟರ್ ಎಳೆದು ಬಿಡಬೇಕು. ಗಂಟೆಗೆ 1,800. ಎಂಟು ಗಂಟೆಯ ಬ್ಯಾಚಿಗೆ 14,400. ತಿಂಗಳಿಗೆ 26 ಬ್ಯಾಚ್ ಹಿಡಿದರೂ ಮೂರೂಮುಕ್ಕಾಲು ಲಕ್ಷ. ಪೂರ್ತಿ ಲೋಡಿನಲ್ಲಿ ಹತ್ತು ಲಕ್ಷ ಸಲ ಬಡಿದರೆ ಕಾಂಟಾಕ್ಟರಿನ ಆಯುಷ್ಯ ಹೆಚ್ಚುಕಮ್ಮಿ ಮುಗಿದ ಹಾಗೆ. ಮೂರು ತಿಂಗಳಿಗೆ ಒಂದು ಹೋಗುತ್ತಿದ್ದದ್ದು ಲೆಕ್ಕಕ್ಕೆ ಸರಿಯಾಗಿಯೇ ಇತ್ತು.

2 ಸೆಕೆಂಡ್ ಎಲ್ಲಿಂದ ಬಂತು ಅಂತ ನನಗೆ ಚೆನ್ನಾಗಿ ಗೊತ್ತು. ಬೈಕಂಪಾಡಿಯಲ್ಲಿ ನಾನು ಹಾಕಿದ್ದ ಇನ್ನೊಂದು ಪ್ಯಾನಲ್‌ನದ್ದು. ಅಲ್ಲಿ ಕಾಂಟಾಕ್ಟರ್ ಇಲ್ಲ, ಎಸ್‌ಎಸ್‌ಆರ್ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್ ಇದೆ. ಅದರಲ್ಲಿ ಅಲುಗಾಡುವ ಭಾಗವೇ ಇಲ್ಲ, 2 ಸೆಕೆಂಡ್ ಅದಕ್ಕೆ ಸರಿ. ಇಲ್ಲಿಗೆ ಬಂದವನು ಔಟ್‌ಪುಟ್ ವಿಧ ಮಾತ್ರ ಬದಲಿಸಿ ಉಳಿದದ್ದನ್ನೆಲ್ಲ ಹಾಗೆಯೇ ನಕಲು ಮಾಡಿದ್ದೆ. ಸಂಜೆಯಾಗಿತ್ತು, ಬಸ್ ಹಿಡಿಯಬೇಕಿತ್ತು. ನೆವ ಅಲ್ಲ ಇದು, ಆದದ್ದು ಹಾಗೆ.

ಅಲಾರಂ ಕೂಡ ಅಲ್ಲಿಂದಲೇ ಬಂದದ್ದು. ಸೆಟ್‌ಪಾಯಿಂಟಿನಿಂದ, ಅಂದರೆ ಕೋಣೆಗೆ ಕಟ್ಟಿಕೊಟ್ಟ ಉಷ್ಣತೆಯಿಂದ, ಮೇಲೆ ಕೆಳಗೆ 5 ಡಿಗ್ರಿ ದಾಟಿದರೆ ಹೂಟರ್. ಕಾಗದದ ಮೇಲೆ ನೋಡಲು ಚಂದ. ಬೋರ್ಮಾದಲ್ಲಿ ಅದು ಏನು ಮಾಡುತ್ತದೆ ನೋಡಿ. ಕೋಣೆ 30 ಡಿಗ್ರಿಯಿಂದ ಶುರುವಾಗುತ್ತದೆ, ಸೆಟ್‌ಪಾಯಿಂಟ್ 70. ಅಂದರೆ ಸ್ವಿಚ್ ಹಾಕಿದ ಕ್ಷಣದಿಂದಲೇ ಬೊಬ್ಬೆ, ಕೋಣೆ ಬಿಸಿಯಾಗುವ ಮುಕ್ಕಾಲು ಗಂಟೆ ಪೂರ್ತಿ. ಮಧ್ಯರಾತ್ರಿ ಟ್ರೇ ತಿರುಗಿಸಲು ಬಾಗಿಲು ತೆಗೆದರೆ ಪುನಃ ಹತ್ತು ನಿಮಿಷ. ಹೀಗೆ ರಾತ್ರಿಗೆ ಸುಮಾರು ಒಂದು ಗಂಟೆ ಹೂಟರ್ ಕಿರುಚುತ್ತದೆ. ಅಷ್ಟೂ ಹೊತ್ತಿನಲ್ಲಿ ಯಾರೂ ಏನೂ ಮಾಡಬೇಕಾದ್ದಿಲ್ಲ.

ಹಾಗಾದರೆ ಬೈರಾಸು ತುರುಕಿದವನ ತಪ್ಪೇನು? ನನ್ನ ಮನೆಯಲ್ಲಿ ಇದ್ದಿದ್ದರೆ ನಾನು ಮೊದಲನೇ ದಿನವೇ ತುರುಕುತ್ತಿದ್ದೆ.

1994ರ ಜುಲೈ 24ರಂದು ಬ್ರಿಟನ್ನಿನ ಮಿಲ್ಫರ್ಡ್ ಹೇವನ್‌ನ ತೈಲ ಸಂಸ್ಕರಣಾಗಾರದಲ್ಲಿ ಸ್ಫೋಟವಾಯಿತು. ಅದಕ್ಕೆ ಮುಂಚಿನ ಸುಮಾರು 11 ನಿಮಿಷದಲ್ಲಿ ಇಬ್ಬರು ಆಪರೇಟರುಗಳ ಮುಂದೆ ಬಂದ ಅಲಾರಂ 275. ಯಾವುದನ್ನು ನೋಡುವುದು, ಯಾವುದನ್ನು ಬಿಡುವುದು? ದಿನನಿತ್ಯದ ಕೆಲಸದಲ್ಲಿ ಒಬ್ಬ ಆಪರೇಟರಿಗೆ ಹತ್ತು ನಿಮಿಷಕ್ಕೆ ಒಂದಕ್ಕಿಂತ ಜಾಸ್ತಿ ಅಲಾರಂ ಬರಬಾರದು ಅಂತ ಈಗ ಈ ಕಸುಬಿನವರು ಒಪ್ಪಿಕೊಂಡ ಅಳತೆ. ಅಲ್ಲಿ 275, ಇಲ್ಲಿ ಒಂದೇ ಒಂದು ಹೂಟರ್. ಆದರೆ ರೋಗ ಅದೇ.

ಅಲಾರಂ ಹೊಸದಾಗಿ

ಧಣಿಗಳಿಗೆ ನನ್ನ ತಪ್ಪು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಆಯ್ತು, ಈಗ ಎಂತ ಮಾಡುವುದು ಹೇಳಿ" ಅಂದರು. ಮೂರು ರಾತ್ರಿ ನಾನು ಅಲ್ಲಿಯೇ ಉಳಿದೆ. ಸ್ಟೂಲ್ ಹಾಕಿ ಕೂತು ಐದು ನಿಮಿಷಕ್ಕೊಮ್ಮೆ ಟೆಂಪರೇಚರ್ ಬರೆದುಕೊಂಡೆ. ಹೊಸ ಕಾಂಟಾಕ್ಟರ್, ಸೈಕಲ್ ಟೈಮ್ 20 ಸೆಕೆಂಡ್. ಅಷ್ಟು ದೊಡ್ಡ ಕೋಣೆಗೆ 20 ಸೆಕೆಂಡ್ ಗೊತ್ತೇ ಆಗುವುದಿಲ್ಲ, ಉಷ್ಣತೆ ಅರ್ಧ ಡಿಗ್ರಿ ಕೂಡ ಅಲುಗಾಡಲಿಲ್ಲ.

ಅಣ್ಣನೂ ಜೊತೆಗೆ ಇದ್ದರು. ಅವರನ್ನು ಒಂದೇ ಪ್ರಶ್ನೆ ಕೇಳುತ್ತಾ ಹೋದೆ. "ಇದು ಬಡಿದರೆ ನೀವು ಎದ್ದು ಬಂದು ಎಂತ ಮಾಡ್ತೀರಿ?" ಉತ್ತರ ಇದ್ದರೆ ಹೂಟರ್. ಉತ್ತರ ಇಲ್ಲದಿದ್ದರೆ ಹೂಟರ್ ಬೇಡ.

ಮೊದಲ ಅಲಾರಂ, ಜಾಸ್ತಿ ಬಿಸಿಯದ್ದು. ಇದನ್ನು 80 ಡಿಗ್ರಿಗೆ ಕಟ್ಟಿದೆ. ಸೆಟ್‌ಪಾಯಿಂಟಿನಿಂದ ಇಷ್ಟು ಮೇಲೆ ಅಂತಲ್ಲ, ನೇರವಾಗಿ 80. ಇದರ ಹಿಂದೆ ಒಂದು ಕಥೆ ಇದೆ. ಎರಡನೇ ರಾತ್ರಿ ಚಹಾ ಕುಡಿಯುವಾಗ ಅಣ್ಣ ಬಾಯಿಬಿಟ್ಟರು: ಬೇಗ ಮುಗಿಸಿ ಮಲಗಬೇಕು ಅಂತ ಕೆಲವರು ಸೆಟ್‌ಪಾಯಿಂಟನ್ನೇ 85ಕ್ಕೆ ಏರಿಸುತ್ತಾರಂತೆ. ಹಳೆಯ ಅಲಾರಂ ಸೆಟ್‌ಪಾಯಿಂಟಿನ ಬಾಲ ಹಿಡಿದು ಹೋಗುವಂಥದ್ದು. ಸೆಟ್‌ಪಾಯಿಂಟ್ 85 ಮಾಡಿದರೆ ಅದಕ್ಕೆ 85 ಸರಿಯಾದ ಉಷ್ಣತೆಯೇ! ಬೀಜ ಕೆಂಪಾಗುತ್ತಿದ್ದರೂ ಅದು ತೆಪ್ಪಗಿರುತ್ತದೆ. ಬೀಜಕ್ಕೆ ಸೆಟ್‌ಪಾಯಿಂಟ್ ಗೊತ್ತಿಲ್ಲ, ಬಿಸಿ ಮಾತ್ರ ಗೊತ್ತು. ಹಾಗಾಗಿ ಮೇಲಿನ ಮಿತಿ ಸ್ಥಿರವಾಗಿರಬೇಕು. ಜೊತೆಗೆ ಸೆಟ್‌ಪಾಯಿಂಟಿಗೇ 75ರ ಗಡಿ ಹಾಕಿದೆ. ಬಟನ್ ಎಷ್ಟು ಒತ್ತಿದರೂ ಅದಕ್ಕಿಂತ ಮೇಲೆ ಹೋಗುವುದಿಲ್ಲ.

ಹಿಸ್ಟರಿಸಿಸ್ 2 ಡಿಗ್ರಿ. ಅಂದರೆ 80ಕ್ಕೆ ಬಡಿದ ಅಲಾರಂ ಸುಮ್ಮನಾಗಲು 78ಕ್ಕೆ ಇಳಿಯಬೇಕು. ಇಲ್ಲದಿದ್ದರೆ 79.9, 80.0, 79.9 ಅಂತ ಆಡುವಾಗ ಹೂಟರ್ ಬಿಕ್ಕಳಿಸಿದ ಹಾಗೆ ಬಡಿಯುತ್ತದೆ. ಲ್ಯಾಚ್ ಕೂಡ ಹಾಕಿದೆ, ಯಾರಾದರೂ ಬಂದು ಒತ್ತುವವರೆಗೆ ಅಲಾರಂ ಹೋಗುವುದಿಲ್ಲ. ಆದರೆ ಹೂಟರಿನ ಸದ್ದು ನಿಲ್ಲಿಸಲು ಬೇರೆ ಪುಶ್‌ಬಟನ್ ಕೊಟ್ಟೆ. ಸದ್ದು ನಿಲ್ಲುತ್ತದೆ, ಕೆಂಪು ದೀಪ ಉರಿಯುತ್ತಿರುತ್ತದೆ. ಮೊದಲು ಆ ಬಟನ್ ಇರಲೇ ಇಲ್ಲ. ಬೈರಾಸೇ ಅವರ ಬಟನ್ ಆಗಿತ್ತು.

ಅಲಾರಂ ರಿಲೇಯ ರೀತಿಯನ್ನು ತಿರುಗಿಸಿದೆ. ಎಲ್ಲ ಸರಿ ಇದ್ದಾಗ ರಿಲೇ ಎಳೆದುಕೊಂಡಿರುತ್ತದೆ, ಅಲಾರಂ ಬಂದರೆ ಬಿಡುತ್ತದೆ. ಹೀಗಿದ್ದರೆ ಕಂಟ್ರೋಲರ್ ಸತ್ತರೂ, ರಿಲೇಯಿಂದ ಬರುವ ವೈರನ್ನು ಇಲಿ ಕಡಿದರೂ ಹೂಟರ್ ಬಡಿಯುತ್ತದೆ. ಹಳೆಯ ರೀತಿಯಲ್ಲಿ ವೈರ್ ತುಂಡಾದರೆ ಅದು ಶಾಶ್ವತ ಮೌನ. ಇದರಲ್ಲಿ ಒಂದು ಕಿರಿಕಿರಿ ಎದುರಾಯಿತು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಕಂಟ್ರೋಲರ್ ಎಚ್ಚರವಾಗುವಷ್ಟರಲ್ಲಿ ಹೂಟರ್ ಮೂರು ನಾಲ್ಕು ಸೆಕೆಂಡ್ ಕುಂಯ್ ಅನ್ನುತ್ತಿತ್ತು. ಒಂದು ರಾತ್ರಿ ಹನ್ನೊಂದು ಸಲ ಎಣಿಸಿದೆ. ಹೀಗೇ ಬಿಟ್ಟರೆ ಇನ್ನೊಂದು ಬೈರಾಸು ಖಂಡಿತ. ಹೂಟರ್ ದಾರಿಯಲ್ಲಿ 10 ಸೆಕೆಂಡಿನ ಟೈಮರ್ ಹಾಕಿದ ಮೇಲೆ ನಿಂತಿತು.

ಎರಡನೇ ಅಲಾರಂ, ಬಿಸಿ ಸಾಲದ್ದು. ಸೆಟ್‌ಪಾಯಿಂಟಿಗಿಂತ 8 ಡಿಗ್ರಿ ಕೆಳಗೆ. ಇದಕ್ಕೆ ಸ್ಟ್ಯಾಂಡ್‌ಬೈ ಹಾಕಿದೆ. ತಣ್ಣಗೆ ಶುರುವಾಗುವಾಗ ಅಲಾರಂ ಮಲಗಿರುತ್ತದೆ. ಉಷ್ಣತೆ ಒಮ್ಮೆ ಸರಿಯಾದ ಜಾಗಕ್ಕೆ ಬಂದ ಮೇಲೆ ಮಾತ್ರ ಎಚ್ಚರ. ಸ್ಟ್ಯಾಂಡ್‌ಬೈ ಒಂದಿದ್ದರೆ ಸಾಕು ಅಂದುಕೊಳ್ಳುವವರೇ ಜಾಸ್ತಿ, ನಾನೂ ಹಾಗೇ ಅಂದುಕೊಂಡಿದ್ದೆ. ಸಾಲುವುದಿಲ್ಲ. ಮಧ್ಯರಾತ್ರಿ ಬಾಗಿಲು ತೆಗೆಯುವಾಗ ಅದು ಆಗಲೇ ಎಚ್ಚರವಾಗಿರುತ್ತದೆ, ಹಾಗಾಗಿ ಬಡಿದೇ ಬಡಿಯುತ್ತದೆ. ಅಲ್ಲಿಗೆ ಬೇಕಾದ್ದು ವಿಳಂಬ. ನನ್ನ ಪುಸ್ತಕದ ಪ್ರಕಾರ ಬಾಗಿಲು ಹಾಕಿದ ಮೇಲೆ ಕೋಣೆ ಚೇತರಿಸಲು 9ರಿಂದ 11 ನಿಮಿಷ. 15 ನಿಮಿಷ ಕೊಟ್ಟೆ. ಅದೂ ಹೂಟರಿಗಲ್ಲ, ಹಳದಿ ದೀಪಕ್ಕೆ. ಬಿಸಿ ಸಾಲದಿದ್ದರೆ ಬೀಜ ಹಾಳಾಗುವುದಿಲ್ಲ, ಹೊತ್ತು ಹಾಳಾಗುತ್ತದೆ. ಅದಕ್ಕೆ ಮಲಗಿದವರನ್ನು ಎಬ್ಬಿಸುವುದು ಬೇಡ.

ಆ ಮಾಡೆಲಿನಲ್ಲಿ ಲೂಪ್ ಬ್ರೇಕ್ ಅಲಾರಂ ಅಂತ ಒಂದು ಇತ್ತು. ನಾನು ವರ್ಷಗಟ್ಟಲೆ ಆಫ್ ಇಟ್ಟುಕೊಂಡು ಬಂದದ್ದು. ಔಟ್‌ಪುಟ್ ಪೂರ್ತಿ ಇದ್ದರೂ ಉಷ್ಣತೆ ಏರದಿದ್ದರೆ, ಅಥವಾ ಔಟ್‌ಪುಟ್ ಸೊನ್ನೆ ಇದ್ದರೂ ಇಳಿಯದಿದ್ದರೆ ಅದು ಕೂಗುತ್ತದೆ. ಅಂಟಿದ ಕಾಂಟಾಕ್ಟರನ್ನು ಬೇಗ ಹಿಡಿದುಕೊಡುವುದು ಇಂಥ ಅಲಾರಂ. ಆ ರಾತ್ರಿ ಇದು ಆನ್ ಇದ್ದಿದ್ದರೆ 80 ಮುಟ್ಟುವ ಮುಂಚೆಯೇ ಗೊತ್ತಾಗುವ ಸಂಭವ ಇತ್ತು. ಕೋಣೆಯ ನಡತೆ ನೋಡಿ ಕಂಟ್ರೋಲರ್ ತನ್ನ ಲೆಕ್ಕಗಳನ್ನು ತಾನೇ ಹೊಂದಿಸಿಕೊಳ್ಳುವುದಕ್ಕೆ ಆಟೋಟ್ಯೂನ್ ಅಂತ ಹೆಸರು; ಅದನ್ನು ಮಾಡಿದಾಗ ಆ ಲೆಕ್ಕಗಳಲ್ಲೊಂದಾದ ಇಂಟಿಗ್ರಲ್ ಟೈಮ್ 420 ಸೆಕೆಂಡ್ ಬಂತು. ಲೂಪ್ ಬ್ರೇಕಿಗೆ ಅದರ ಎರಡು ಪಟ್ಟು, 840. ಇದನ್ನೂ ಹೂಟರಿನ ರಿಲೇಗೇ ಸೇರಿಸಿದೆ.

ಆಟೋಟ್ಯೂನ್ ಬಗ್ಗೆ ಒಂದೇ ಮಾತು: ಖಾಲಿ ಕೋಣೆಯಲ್ಲಿ ಮಾಡಬೇಡಿ. ಟ್ರೇ ತುಂಬಿದ, ಬ್ಲೋವರ್ ತಿರುಗುವ ಕೋಣೆ ಬೇರೆಯೇ ಪ್ರಾಣಿ. ಮಾಡುವಾಗ ಉಷ್ಣತೆ ಸೆಟ್‌ಪಾಯಿಂಟಿನ ಮೇಲೆ ಕೆಳಗೆ ತೂಗಾಡುತ್ತದೆ. ಅದಕ್ಕೆ 65ಕ್ಕೆ ಇಟ್ಟು ಮಾಡಿದೆ.

ಕೆಟಲಿನ ಪರೀಕ್ಷೆ

ಇಷ್ಟೆಲ್ಲ ಮಾಡಿದರೂ ಒಂದು ತೂತು ಉಳಿದಿತ್ತು. ಅಲಾರಂ ಬಡಿಯಿತು, ಅಣ್ಣ ಎದ್ದು ಬಂದರು, ಸರಿ. ಅವರು ಬರದಿದ್ದರೆ? ಕಂಟ್ರೋಲರಿಗೆ ಅಂಟಿದ ಕಾಂಟಾಕ್ಟರನ್ನು ಬಿಡಿಸುವ ಶಕ್ತಿ ಇಲ್ಲ. "ಎಸ್‌ಎಸ್‌ಆರ್ ಹಾಕುವ ಸರ್" ಅಂದ ಎಲೆಕ್ಟ್ರಿಷಿಯನ್. ಎಸ್‌ಎಸ್‌ಆರ್ ಕೂಡ ಕೆಡುವಾಗ ಹೆಚ್ಚಾಗಿ ಆನ್ ಆಗಿಯೇ ಕೆಡುತ್ತದೆ. ಹಾಗಾಗಿ ಸಾಲಿನಲ್ಲಿ ಇನ್ನೊಂದು ಕಾಂಟಾಕ್ಟರ್ ಹಾಕಿ, ಅದನ್ನು ಬೇರೆಯೇ ಒಂದು ಥರ್ಮೋಸ್ಟಾಟಿನ ಕೈಗೆ ಕೊಟ್ಟೆವು. ಕ್ಯಾಪಿಲರಿ ಕೊಳವೆಯ ಸಾದಾ ಥರ್ಮೋಸ್ಟಾಟ್, 85 ಡಿಗ್ರಿ, ಕೈಯಿಂದಲೇ ರೀಸೆಟ್ ಮಾಡಬೇಕಾದ್ದು. ಕಂಟ್ರೋಲರಿನ ಎರಡನೇ ಅಲಾರಂ ರಿಲೇಯಿಂದಲೇ ಇದನ್ನು ಮಾಡಿದರೆ ದುಡ್ಡು ಉಳಿಯುತ್ತದಲ್ವಾ ಅಂತ ಧಣಿಗಳು ಕೇಳಿದರು. ಪಿಟಿ-100 ತಪ್ಪು ತೋರಿಸಿದರೆ ಕಂಟ್ರೋಲರ್ ಮತ್ತು ಅದರ ಅಲಾರಂ ಎರಡೂ ಒಟ್ಟಿಗೆ ಮೋಸ ಹೋಗುತ್ತವೆ. ಕಾವಲಿಗೆ ಬೇರೆ ಕಣ್ಣೇ ಬೇಕು.

ಪರೀಕ್ಷೆಯನ್ನು ಎಲ್ಲರ ಎದುರೇ ಮಾಡಿದೆ. ಸೆನ್ಸರ್ ಬಿಚ್ಚಿ ಆ ಜಾಗಕ್ಕೆ, ಬೇಕಾದಷ್ಟು ಓಮ್ ಕೊಡುವ ರೆಸಿಸ್ಟೆನ್ಸ್ ಬಾಕ್ಸ್. 127.08 ಓಮ್ ಕೊಟ್ಟಾಗ ಡಿಸ್ಪ್ಲೇ 70.0. ಮೆಲ್ಲಗೆ ಏರಿಸಿ 130.90 ಮಾಡಿದಾಗ 80.0. ಹತ್ತು ಸೆಕೆಂಡ್ ಎಲ್ಲರೂ ಉಸಿರು ಹಿಡಿದು ನಿಂತರು. ಹೂಟರ್ ಕಿರುಚಿತು. ಬೈರಾಸು ಇಲ್ಲದ ಹೂಟರಿನ ಸದ್ದು ಅಷ್ಟಿರುತ್ತದೆ ಅಂತ ಆ ಹೆಂಗಸರಿಗೆ ಅವತ್ತೇ ಗೊತ್ತಾದದ್ದು, ಇಬ್ಬರು ಕಿವಿ ಮುಚ್ಚಿಕೊಂಡರು. ಆಮೇಲೆ ಒಂದು ವೈರ್ ತೆಗೆದೆ. ಸೆನ್ಸರ್ ತುಂಡಾದ ಹಾಗೆ. ಔಟ್‌ಪುಟ್ ಸೊನ್ನೆಗೆ ಬಂತು, ಹೂಟರ್ ಪುನಃ.

ಥರ್ಮೋಸ್ಟಾಟಿಗೆ ಕ್ಯಾಂಟೀನಿನ ಚಹಾದ ಕೆಟಲ್. ಅದರಲ್ಲಿ ನೀರು ಕಾಯಿಸಿ, ಒಂದು ಥರ್ಮಾಮೀಟರ್ ಜೊತೆ ಕ್ಯಾಪಿಲರಿಯ ಬಲ್ಬನ್ನು ಮುಳುಗಿಸಿದೆ. ಅಣ್ಣನ ಕೈಯಲ್ಲೇ ಥರ್ಮಾಮೀಟರ್. "ಎಂಬತ್ತು... ಎಂಬತ್ಮೂರು..." ಅವರು ಜೋರಾಗಿ ಓದುತ್ತಾ ಹೋದರು. 86ಕ್ಕೆ ಟಕ್. ಪ್ಯಾನಲ್ ಒಳಗಿನಿಂದ ದೊಡ್ಡ ಕಾಂಟಾಕ್ಟರ್ ಬಿದ್ದ ಸದ್ದು. ಕೆಟಲ್ ತೊಳೆದು ಕೊಡಿ ಅಂತ ಕ್ಯಾಂಟೀನಿನ ಅಕ್ಕ ನನಗೇ ಹೇಳಿದರು, ತೊಳೆದೆ.

ಎಲ್ಲ ಸೆಟ್ಟಿಂಗ್‌ಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಎದುರು "ಯಾಕೆ" ಅಂತ ಒಂದು ಸಾಲು ಸೇರಿಸಿ, ತಾರೀಕು ಹಾಕಿ ಪ್ಯಾನಲ್ ಬಾಗಿಲ ಒಳಗೆ ಅಂಟಿಸಿದೆ. ಮೆನುಗೆ ಲಾಕ್. ಕೋಡ್ ಧಣಿಗಳ ಹತ್ತಿರ, ಎಲೆಕ್ಟ್ರಿಷಿಯನ್ ಹತ್ತಿರ.

ಆಮೇಲೆ

ಆಗಸ್ಟಿನಲ್ಲಿ ಒಂದು ರಾತ್ರಿ ಹಳದಿ ದೀಪ ಉರಿಯಿತು. ಅಣ್ಣ ನೋಡಿ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರು. ಒಂದು ಬ್ಯಾಂಕಿನ ಫ್ಯೂಸ್ ಹೋಗಿತ್ತು. ಬ್ಯಾಚ್ ಎರಡು ಗಂಟೆ ತಡವಾಯಿತು, ಅಷ್ಟೇ. ಹೂಟರ್ ಇದುವರೆಗೆ ಎರಡೇ ಸಲ ಬಡಿದಿದೆ. ಒಂದು ಸಲ ಬ್ಲೋವರಿನ ಬೆಲ್ಟ್ ಕಡಿದು. ಇನ್ನೊಂದು ಸಲ ಕಾರಣ ಗೊತ್ತಾಗಲಿಲ್ಲ. ಕಾಂಟಾಕ್ಟರ್ ಮಾತ್ರ ಇನ್ನೂ ಅದೇ ಇದೆ. ಲಾಗ್ ಪುಸ್ತಕದಲ್ಲಿ ಈಗ 69, 71, 70, 68 ಅಂತ ಬರುತ್ತದೆ. ಅದು ನೋಡಿಯೇ ಬರೆದದ್ದು ಅಂತ ನನ್ನ ನಂಬಿಕೆ.

ಅಣ್ಣನ ಒಂದು ವಾರದ ಸಂಬಳ ಹಿಡಿದಿದ್ದರು. ಕೇಳಿ ಬಿಡಿಸಿದೆ.

ಬೈಕಂಪಾಡಿಯ ಆ ಸೆಟ್ಟಿಂಗನ್ನು ನಾನು ಇನ್ನೂ ನಾಲ್ಕು ಕಡೆ ನಕಲು ಮಾಡಿದ್ದೆ. ಎರಡು ಕಡೆಯವರಿಗೆ ಫೋನಿನಲ್ಲೇ ಹೇಳಿ ಬದಲಿಸಿದ್ದಾಯಿತು. ಮೂರನೆಯದು ಮೂಡುಬಿದಿರೆ ಹತ್ತಿರದ ಒಂದು ಡ್ರೈಯರ್. ಫೋನಿನಲ್ಲಿ ಕೇಳಿದರೆ "ಅಲಾರಂ ಎಲ್ಲ ಸರಿ ಉಂಟು ಸರ್, ಒಂದು ದಿನವೂ ತೊಂದರೆ ಕೊಟ್ಟಿಲ್ಲ" ಅಂದರು. ಮರುದಿನವೇ ಹೋದೆ. ಹೂಟರಿನ ಬಾಯಿಗೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿತ್ತು. ಮೂರು ಸುತ್ತು, ಬಹಳ ನೀಟಾಗಿ.